ಜನಸಂಖ್ಯೆಯ ಏರಿಳಿತಗಳೂ ಗಡಿನಾಡಿನ ನಾವೂ

ಚರಿತ್ರೆಯೆಂದೊಡನೆ ಅರಸುಮನೆತನಗಳ ವಂಶಾವಳಿ, ಯುದ್ಧಗಳು, ಶಾಸನಗಳು ನಮ್ಮ ಮನಸ್ಸಿಗೆ ಬರುವುದು ಸಹಜವಾಗಿದೆ. ಕುಂಬಳೆಯನ್ನು ಆಳಿದವರು ಯಾರು, ಬೇಕಲದ ಕೋಟೆಯನ್ನು ಕಟ್ಟಿಸಿದವರು ಯಾರು, ಕನ್ನಡ ಜಿಲ್ಲೆಯು ಇಂಗ್ಲಿಷರ ಕೈಸೇರಿದುದು ಎಂದು ಎಂಬ ಪ್ರಶ್ನೆಗಳಿಗೆ ನಮ್ಮ ವಿದ್ಯಾರ್ಥಿಗಳು ತಡವರಿಸದೆ ಉತ್ತರ ಹೇಳುತ್ತಾರೆ. ಆದರೆ ಆ ಕಾಲದಲ್ಲಿ ಹುಟ್ಟಿದ ಮಕ್ಕಳಲ್ಲಿ ಎಷ್ಟು ಮಂದಿ ಬದುಕಿ ಉಳಿಯುತ್ತಿದ್ದರು, ಯಾರು ಎಲ್ಲಿಂದ ಬಂದು ಇಲ್ಲಿ ನೆಲೆಸಿದರು, ಯಾರು ಯಾವ ಕಾರಣದಿಂದ ಊರು ಬಿಟ್ಟರು ಎಂದು ಕೇಳಿದರೆ ತರಗತಿಯು ಮೌನವಾಗುತ್ತದೆ. ಅರಸರ ಚರಿತ್ರೆಗಿಂತ ಈ ಚರಿತ್ರೆಯು ನಮ್ಮ ನಮ್ಮ ಮನೆಗಳಿಗೆ ಹತ್ತಿರವಾದುದು. ಅಜ್ಜಿಯು ಹೆತ್ತ ಮಕ್ಕಳೆಷ್ಟು, ಅವರಲ್ಲಿ ಉಳಿದವರೆಷ್ಟು ಎಂಬುದು ಪ್ರತಿಯೊಂದು ತರವಾಡಿನಲ್ಲಿಯೂ ಇಂದಿಗೂ ನೆನಪಿನಲ್ಲಿರುವ ವಿಷಯವಲ್ಲವೆ?

ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ನಾವು ಈ ವಿಷಯವನ್ನು ಎತ್ತಿಕೊಳ್ಳಲು ಇನ್ನೊಂದು ಕಾರಣವೂ ಉಂಟು. ಗಡಿನಾಡಿನಲ್ಲಿ ಸಂಖ್ಯೆಯ ಮಾತು ದಿನನಿತ್ಯದ ಮಾತಾಗಿದೆ. ಕನ್ನಡಿಗರ ಸಂಖ್ಯೆ ಕುಗ್ಗುತ್ತಿದೆ, ಕನ್ನಡ ಶಾಲೆಗಳಿಗೆ ಮಕ್ಕಳಿಲ್ಲ ಎಂಬ ಕಳವಳವು ಸಭೆಗಳಲ್ಲಿಯೂ ಮದುವೆಯ ಚಪ್ಪರಗಳಲ್ಲಿಯೂ ಕೇಳಿಬರುತ್ತಿದೆ. ಕಳವಳ ಪಡುವುದು ತಪ್ಪಲ್ಲ. ಆದರೆ ರೋಗದ ನಿದಾನವನ್ನು ಅರಿಯದೆ ಔಷಧವನ್ನು ಹುಡುಕುವ ವೈದ್ಯನನ್ನು ಯಾರೂ ಮೆಚ್ಚರು. ಒಂದು ಜನಸಮುದಾಯದ ಸಂಖ್ಯೆಯು ಏಕೆ ಏರುತ್ತದೆ, ಏಕೆ ಇಳಿಯುತ್ತದೆ ಎಂಬುದಕ್ಕೆ ಸ್ಪಷ್ಟವಾದ ಕ್ರಮವೊಂದಿದೆ. ಅದನ್ನು ನಮ್ಮ ದೇಶದ ಚರಿತ್ರೆಯ ಆಧಾರದಿಂದ ವಿವರಿಸುವುದೂ, ಅದರ ಬೆಳಕಿನಲ್ಲಿ ನಮ್ಮ ಸ್ಥಿತಿಯನ್ನು ನೋಡಿಕೊಳ್ಳುವುದೂ ಪ್ರಸ್ತುತ ಲೇಖನದ ಉದ್ದೇಶ.

ಎಣಿಕೆಯ ಇತಿಹಾಸ

ಪ್ರಜೆಗಳನ್ನು ಎಣಿಸುವ ಪದ್ಧತಿ ನಮ್ಮ ದೇಶಕ್ಕೆ ಹೊಸತಲ್ಲ. ಗೋಪನೆಂಬ ಅಧಿಕಾರಿಯು ಹಳ್ಳಿಗಳ ಮನೆಗಳನ್ನೂ ಅಲ್ಲಿನ ಸ್ತ್ರೀಪುರುಷರನ್ನೂ ಅವರ ವೃತ್ತಿ, ಆದಾಯ, ವ್ಯಯಗಳನ್ನೂ ಬರೆದಿಡಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರವು ವಿಧಿಸುತ್ತದೆ. ಆದರೆ ಆ ಲೆಕ್ಕಗಳಾವುವೂ ನಮ್ಮ ಕೈಗೆ ಬಂದಿಲ್ಲ. ಮೇಲಾಗಿ ಹಿಂದಿನ ಲೆಕ್ಕಗಳ ಗುರಿಯೆಲ್ಲ ತೆರಿಗೆ ಮತ್ತು ಸೈನ್ಯ. ಮನುಷ್ಯರನ್ನು ಮನುಷ್ಯರೆಂದು ಎಣಿಸುವ ಆಧುನಿಕ ಖಾನೇಷುಮಾರಿಯು ನಮ್ಮಲ್ಲಿ ೧೮೬೭ರಿಂದ ೧೮೭೨ರವರೆಗೆ ಪ್ರಾಂತಪ್ರಾಂತಗಳಲ್ಲಿ ಬೇರೆ ಬೇರೆ ಕಾಲಕ್ಕೆ ನಡೆಯಿತು. ೧೮೮೧ರ ಫೆಬ್ರವರಿ ೧೭ರಂದು ಇಡೀ ದೇಶವನ್ನು ಏಕಕಾಲದಲ್ಲಿ ಎಣಿಸುವ ಕಾರ್ಯವು ಮೊದಲಾಯಿತು. ಅಲ್ಲಿಂದ ಮುಂದೆ ೨೦೧೧ರವರೆಗೆ ಯುದ್ಧ, ಚಳವಳಿ, ದೇಶವಿಭಜನೆಗಳ ನಡುವೆಯೂ ಹತ್ತು ವರ್ಷಕ್ಕೊಮ್ಮೆ ಈ ಎಣಿಕೆಯು ತಪ್ಪದೆ ನಡೆದುಬಂದಿತು. ೨೦೨೧ರಲ್ಲಿ ನಡೆಯಬೇಕಾಗಿದ್ದ ಗಣತಿಯು ಮಾತ್ರ ಕೋವಿಡ್ ಮಹಾಮಾರಿಯ ದೆಸೆಯಿಂದ ನಿಂತುಹೋಯಿತು. ೨೦೨೭ರ ಮಾರ್ಚ್ ೧ನ್ನು ಗಣನೆಯ ದಿನವೆಂದು ಗೊತ್ತುಪಡಿಸಿ ಕೇಂದ್ರ ಸರ್ಕಾರವು ೨೦೨೫ರ ಜೂನ್ ತಿಂಗಳಿನಲ್ಲಿ ಅಧಿಸೂಚನೆಯನ್ನು ಹೊರಡಿಸಿತು. ಇಂತಹ ಎಣಿಕೆಗಳ ಪುಸ್ತಕಗಳು ಓದಲು ನೀರಸವೆಂದು ತೋರಬಹುದು. ಆದರೆ ನಮ್ಮ ಹಿರಿಯರ ಸುಖದುಃಖಗಳೇ ಅಲ್ಲಿ ಅಂಕಿಗಳ ವೇಷದಲ್ಲಿ ಕುಳಿತಿವೆ.

ಬರುವ ದಾರಿ, ಹೋಗುವ ದಾರಿ

ಒಂದು ಊರನ್ನೋ ದೇಶವನ್ನೋ ದೊಡ್ಡ ಮನೆಯೆಂದು ಭಾವಿಸೋಣ. ಆ ಮನೆಗೆ ಜನರು ಬರುವ ದಾರಿಗಳು ಎರಡೇ: ಹುಟ್ಟಿ ಬರಬೇಕು, ಇಲ್ಲವೆ ಬೇರೆ ಕಡೆಯಿಂದ ವಲಸೆ ಬರಬೇಕು. ಹೋಗುವ ದಾರಿಗಳೂ ಎರಡೇ: ಸಾಯಬೇಕು, ಇಲ್ಲವೆ ವಲಸೆ ಹೋಗಬೇಕು. ಹಿಂದಿನ ಗಣತಿಯ ಸಂಖ್ಯೆಗೆ ಜನನಗಳನ್ನೂ ಬಂದವರನ್ನೂ ಕೂಡಿಸಿ, ಮರಣಗಳನ್ನೂ ಹೋದವರನ್ನೂ ಕಳೆದರೆ ಇಂದಿನ ಸಂಖ್ಯೆ ದೊರೆಯುತ್ತದೆ. ಜನಸಂಖ್ಯಾಶಾಸ್ತ್ರದ ದೊಡ್ಡ ದೊಡ್ಡ ಗ್ರಂಥಗಳೆಲ್ಲವೂ ಈ ಒಂದು ಲೆಕ್ಕದ ವ್ಯಾಖ್ಯಾನಗಳೆಂದರೆ ತಪ್ಪಾಗಲಾರದು.

ಊರುಗಳು ಚಿಕ್ಕವೂ ದೊಡ್ಡವೂ ಆಗಿರುವುದರಿಂದ ಅವುಗಳನ್ನು ಹೋಲಿಸಿ ನೋಡಲು ಒಂದು ಸಮಾನವಾದ ಅಳತೆ ಬೇಕು. ಆದುದರಿಂದ ಒಂದು ವರ್ಷದಲ್ಲಿ ಸಾವಿರ ಜನರಿಗೆ ಎಷ್ಟು ಜನನ, ಎಷ್ಟು ಮರಣ ಎಂದು ಲೆಕ್ಕ ಹಾಕುತ್ತಾರೆ. ಇವಕ್ಕೆ ಜನನ ಪ್ರಮಾಣ, ಮರಣ ಪ್ರಮಾಣಗಳೆಂದು ಹೆಸರು. ಒಬ್ಬ ಸ್ತ್ರೀಯು ತನ್ನ ಜೀವಮಾನದಲ್ಲಿ ಸರಾಸರಿ ಎಷ್ಟು ಮಕ್ಕಳನ್ನು ಹೆರುವಳೆಂಬ ಲೆಕ್ಕವು ಫಲವತ್ತತೆಯ ಪ್ರಮಾಣ. ತಾಯಿತಂದೆಯರ ಸ್ಥಾನವನ್ನು ಮಕ್ಕಳು ತುಂಬಬೇಕಾದರೆ ಈ ಸಂಖ್ಯೆ ಸುಮಾರು ೨.೧ ಇರಬೇಕು. ಇಬ್ಬರ ಮೇಲಿನ ಆ ಒಂದಂಶವು, ಹೆಣ್ಣುಮಕ್ಕಳು ಗಂಡುಮಕ್ಕಳಿಗಿಂತ ತುಸು ಕಡಿಮೆ ಹುಟ್ಟುವುದಕ್ಕೂ ಕೆಲವರು ತಾಯಂದಿರಾಗುವ ಮೊದಲೇ ತೀರಿಹೋಗುವುದಕ್ಕೂ ಸಂದ ಪರಿಹಾರ.

ಬರ, ಬೇನೆ ಮತ್ತು ೧೯೨೧

ಹಿಂದಿನ ಕಾಲದಲ್ಲಿ ಮನೆತುಂಬ ಮಕ್ಕಳು ಹುಟ್ಟುತ್ತಿದ್ದರೂ ದೇಶದ ಜನಸಂಖ್ಯೆಯು ಏಕೆ ಬಹಳವಾಗಿ ಬೆಳೆಯಲಿಲ್ಲ? ಒಂದು ದಾರಿಯಿಂದ ಬಂದವರು ಇನ್ನೊಂದು ದಾರಿಯಿಂದ ಅಷ್ಟೇ ವೇಗವಾಗಿ ಹೊರಟುಹೋಗುತ್ತಿದ್ದರು ಎಂಬುದೇ ಇದಕ್ಕೆ ಉತ್ತರ. ಸಿಡುಬು, ವಾಂತಿಭೇದಿ, ಚಳಿಜ್ವರ, ಪ್ಲೇಗುಗಳು ವರ್ಷವರ್ಷವೂ ಕಪ್ಪ ವಸೂಲು ಮಾಡುತ್ತಿದ್ದವು. ಅದರ ಮೇಲೆ ಮಳೆ ಕೈಕೊಟ್ಟರೆ ಬರ.

ಮೈಸೂರು ಸಂಸ್ಥಾನದ ಎರಡು ಗಣತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ೧೮೭೧ರಲ್ಲಿ ಅಲ್ಲಿ ೫೦,೫೫,೪೧೨ ಜನರಿದ್ದರು. ೧೮೮೧ರಲ್ಲಿ ಉಳಿದವರು ೪೧,೮೬,೧೮೮. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟು ಲಕ್ಷ ಅರವತ್ತೊಂಬತ್ತು ಸಾವಿರಕ್ಕೂ ಮೇಲ್ಪಟ್ಟು ಜನರನ್ನು ಕಳೆದುಕೊಂಡಿತು. ಆರು ಮಂದಿಯಲ್ಲಿ ಒಬ್ಬರಿಗಿಂತ ಹೆಚ್ಚು! ಇದು ಜನರ ನೆನಪಿನಲ್ಲಿ ಧಾತು-ಈಶ್ವರ ಸಂವತ್ಸರಗಳ ಬರವೆಂದು ಉಳಿದುಕೊಂಡಿರುವ ೧೮೭೬–೭೮ರ ಮಹಾಕ್ಷಾಮದ ಫಲ. ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದವಾನಿ, ರಾಯದುರ್ಗಗಳ ಕನ್ನಡಿಗರೂ ಅದೇ ಬರದಲ್ಲಿ ಬೆಂದರು. ಬರದಲ್ಲಿ ಸಾವುಗಳು ಹೆಚ್ಚುವುದು ಮಾತ್ರವಲ್ಲ, ಹುಟ್ಟುವ ಮಕ್ಕಳೂ ಕಡಿಮೆಯಾಗುತ್ತಾರೆ. ಜನರು ಊರು ಬಿಟ್ಟು ಹೋಗುತ್ತಾರೆ. ಹೀಗೆ ನಾಲ್ಕು ದಾರಿಗಳೂ ಒಟ್ಟಿಗೆ ಪ್ರತಿಕೂಲವಾದಾಗ ಒಂದು ನಾಡು ಹೇಗೆ ಕುಸಿಯುತ್ತದೆಂಬುದಕ್ಕೆ ಈ ಎರಡು ಸಂಖ್ಯೆಗಳೇ ಸಾಕ್ಷಿ. ಇಪ್ಪತ್ತು ವರ್ಷಗಳು ಕಳೆದು ೧೮೯೧ರ ಗಣತಿಯಾದಾಗಲೂ ಮೈಸೂರು ತನ್ನ ೧೮೭೧ರ ಸಂಖ್ಯೆಯನ್ನು ಮರಳಿ ಮುಟ್ಟಿರಲಿಲ್ಲ.

ಇಂತಹುದೇ ಇನ್ನೊಂದು ಪೆಟ್ಟು ೧೯೧೮ರಲ್ಲಿ ಬಿದ್ದಿತು. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಹಬ್ಬಿದ ಇನ್‌ಫ್ಲುಯೆಂಜಾ ಜ್ವರವು ನಮ್ಮ ದೇಶದಲ್ಲಿ ಕೆಲವೇ ತಿಂಗಳುಗಳಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಬಾಲರನ್ನೂ ವೃದ್ಧರನ್ನೂ ಬಿಟ್ಟು ದುಡಿಯುವ ವಯಸ್ಸಿನವರನ್ನೇ ಅದು ಹೆಚ್ಚಾಗಿ ಆರಿಸಿಕೊಂಡಿತು. ಇಂದಿನ ಭಾರತದ ಗಡಿಗಳೊಳಗಿನ ಜನಸಂಖ್ಯೆಯು ೧೯೧೧ರಲ್ಲಿ ೨೫ ಕೋಟಿ ೨೧ ಲಕ್ಷವಿದ್ದುದು ೧೯೨೧ರಲ್ಲಿ ೨೫ ಕೋಟಿ ೧೩ ಲಕ್ಷಕ್ಕೆ ಇಳಿಯಿತು. ಆ ದಶಕದಲ್ಲಿ ಸಾವಿರಕ್ಕೆ ಜನನಗಳು ಸುಮಾರು ೪೮, ಮರಣಗಳು ಸುಮಾರು ೪೭. ಕೊಡದಿಂದ ಸುರಿದ ನೀರು ತೂತಿನಿಂದ ಹರಿದುಹೋದಂತೆ!

೧೯೨೧ರ ಅನಂತರ ಅಂತಹ ಇಳಿತವು ಇಡೀ ದೇಶದ ಲೆಕ್ಕದಲ್ಲಿ ಮತ್ತೆ ಕಾಣಿಸಿಕೊಂಡಿಲ್ಲ. ಆದುದರಿಂದಲೇ ಆ ವರ್ಷವನ್ನು ನಮ್ಮ ಜನಸಂಖ್ಯೆಯ ಚರಿತ್ರೆಯಲ್ಲಿ ಮಹಾವಿಭಾಜಕವೆಂದು ಕರೆಯುತ್ತಾರೆ.

ಆಯುಸ್ಸು ಬೆಳೆದ ಬಗೆ

ನಮ್ಮ ಪೆರಡಾಲದಲ್ಲಿ ಅಧ್ಯಾಪಕರಾಗಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಹುಟ್ಟಿದುದು ೧೯೧೫ರಲ್ಲಿ. ಆಗ ಭಾರತದಲ್ಲಿ ಸರಾಸರಿ ಆಯುಸ್ಸು ಇಪ್ಪತ್ತು ಇಪ್ಪತ್ತೈದು ವರ್ಷಗಳಿಗಿಂತ ಹೆಚ್ಚಿರಲಿಲ್ಲ. ರೈಗಳಾದರೋ ನೂರು ವರ್ಷ ತುಂಬಿಸಿ ೨೦೧೫ರಲ್ಲಿ ತೀರಿಕೊಂಡರು. ಅವರು ಕಣ್ಣು ತೆರೆದಾಗ ಇಪ್ಪತ್ತೈದು ಕೋಟಿಯಿದ್ದ ದೇಶವು ಅವರು ಕಣ್ಣು ಮುಚ್ಚುವ ವೇಳೆಗೆ ನೂರಿಪ್ಪತ್ತು ಕೋಟಿಯನ್ನು ದಾಟಿತ್ತು. ಒಬ್ಬನೇ ಮನುಷ್ಯನ ಜೀವಮಾನದಲ್ಲಿ ಇಂತಹ ಬದಲಾವಣೆಯು ಹಿಂದೆ ಯಾವ ಕಾಲದಲ್ಲಿಯೂ ನಡೆದಿರಲಿಲ್ಲ.

ಇಲ್ಲಿ ಒಂದು ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸರಾಸರಿ ಆಯುಸ್ಸು ಇಪ್ಪತ್ತು ಎಂದರೆ ಎಲ್ಲರೂ ಇಪ್ಪತ್ತಕ್ಕೆ ಸಾಯುತ್ತಿದ್ದರೆಂದು ಅರ್ಥವಲ್ಲ. ಎಪ್ಪತ್ತು ಎಂಬತ್ತು ವರ್ಷದ ಅಜ್ಜಂದಿರು ಆಗಲೂ ಇದ್ದರು. ಆದರೆ ತೊಟ್ಟಿಲಲ್ಲಿಯೇ ಹೋಗುವ ಕೂಸುಗಳ ಸಂಖ್ಯೆಯು ಅಷ್ಟು ದೊಡ್ಡದಾಗಿದ್ದುದರಿಂದ ಸರಾಸರಿಯು ಕೆಳಕ್ಕೆ ಜಗ್ಗಲ್ಪಡುತ್ತಿತ್ತು. ಇಬ್ಬರಲ್ಲಿ ಒಬ್ಬರು ಹುಟ್ಟಿದ ವರ್ಷವೇ ತೀರಿ, ಇನ್ನೊಬ್ಬರು ಅರವತ್ತು ವರ್ಷ ಬಾಳಿದರೆ ಸರಾಸರಿಯು ಮೂವತ್ತಷ್ಟೇ ಆಗುತ್ತದೆ. ಆದುದರಿಂದ ಆಯುಸ್ಸಿನ ಚರಿತ್ರೆಯೆಂದರೆ ಮುಖ್ಯವಾಗಿ ಶಿಶುಗಳನ್ನು ಉಳಿಸಿಕೊಂಡ ಚರಿತ್ರೆ. ಸಿಡುಬಿನ ದಾಕು, ಕುಡಿಯುವ ಶುದ್ಧ ನೀರು, ಕಲಿತ ಸೂಲಗಿತ್ತಿಯರು, ರೈಲಿನ ಮೂಲಕ ಬರದ ನಾಡಿಗೆ ಧಾನ್ಯ ಸಾಗಿಸುವ ಏರ್ಪಾಡು, ೧೯೫೩ರಲ್ಲಿ ಮೊದಲಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, ಇವೆಲ್ಲ ಒಂದೊಂದಾಗಿ ಸಾವಿನ ದಾರಿಯನ್ನು ಕಿರಿದುಮಾಡಿದವು. ೧೯೪೧–೫೧ರ ದಶಕದಲ್ಲಿ ಮರಣ ಪ್ರಮಾಣವು ಸಾವಿರಕ್ಕೆ ಸುಮಾರು ೨೭ಕ್ಕೆ ಇಳಿದಿತ್ತು. ಜನನ ಪ್ರಮಾಣವು ಮಾತ್ರ ಸುಮಾರು ೪೦ರಲ್ಲಿಯೇ ನಿಂತಿತ್ತು. ಈ ಎರಡರ ನಡುವಣ ಅಂತರವೇ ಬೆಳವಣಿಗೆ.

ಈ ಬೆಳವಣಿಗೆಯ ಸ್ವಭಾವವು ಚಕ್ರಬಡ್ಡಿಯದು. ಸಾಲಕ್ಕೆ ಬಡ್ಡಿ, ಬಡ್ಡಿಗೆ ಬಡ್ಡಿ ಬೆಳೆಯುವಂತೆ ಹುಟ್ಟಿದ ಮಕ್ಕಳೂ ಮುಂದೆ ತಾಯಿತಂದೆಯರಾಗುತ್ತಾರೆ. ಇದಕ್ಕೆ ಒಂದು ಸುಲಭ ಸೂತ್ರವುಂಟು. ಎಪ್ಪತ್ತನ್ನು ವಾರ್ಷಿಕ ಶೇಕಡಾ ಬೆಳವಣಿಗೆಯಿಂದ ಭಾಗಿಸಿದರೆ ಜನಸಂಖ್ಯೆಯು ಇಮ್ಮಡಿಯಾಗಲು ಬೇಕಾಗುವ ವರ್ಷಗಳು ದೊರೆಯುತ್ತವೆ. ಶೇಕಡಾ ಒಂದರಂತೆ ಬೆಳೆದರೆ ಎಪ್ಪತ್ತು ವರ್ಷ. ಶೇಕಡಾ ಎರಡಾದರೆ ಮೂವತ್ತೈದೇ ವರ್ಷ. ೧೯೬೧ರಲ್ಲಿ ೪೩ ಕೋಟಿ ೯೨ ಲಕ್ಷವಿದ್ದ ಭಾರತವು ೧೯೯೧ರಲ್ಲಿ ೮೪ ಕೋಟಿ ೬೪ ಲಕ್ಷವಾಯಿತು. ಮೂವತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿ.

ಮಾಲ್ತಸನ ಭವಿಷ್ಯವೂ ಕೇರಳದ ಉತ್ತರವೂ

ಚಕ್ರಬಡ್ಡಿಯ ಈ ಲೆಕ್ಕವನ್ನು ಕಂಡು ಮೊದಲು ಬೆಚ್ಚಿದವರಲ್ಲಿ ಇಂಗ್ಲೆಂಡಿನ ಮಾಲ್ತಸ್ ಪಂಡಿತನು ಪ್ರಮುಖ. ಜನರು ಗುಣೋತ್ತರ ಶ್ರೇಣಿಯಲ್ಲಿ ಹೆಚ್ಚುತ್ತಾರೆ, ಅನ್ನವು ಸಮಾಂತರ ಶ್ರೇಣಿಯಲ್ಲಿ ಮಾತ್ರ ಹೆಚ್ಚುತ್ತದೆ, ಆದುದರಿಂದ ಜನರು ಸಂಯಮದಿಂದ ತಮ್ಮ ಸಂಖ್ಯೆಯನ್ನು ತಡೆಯದಿದ್ದರೆ ಬರ, ರೋಗ, ಯುದ್ಧಗಳೇ ಅದನ್ನು ತಡೆಯುತ್ತವೆ ಎಂದು ೧೭೯೮ರಲ್ಲಿ ಅವನು ಬರೆದನು. ೧೮೦೫ರಿಂದ ಅವನು ಪ್ರಾಧ್ಯಾಪಕನಾಗಿದ್ದುದು ಈಸ್ಟ್ ಇಂಡಿಯಾ ಕಂಪೆನಿಯು ತನ್ನ ಅಧಿಕಾರಿಗಳಿಗೆ ಶಿಕ್ಷಣ ಕೊಡುತ್ತಿದ್ದ ಕಾಲೇಜಿನಲ್ಲಿ. ನಮ್ಮ ದೇಶವನ್ನು ಆಳಲು ಬಂದ ಎಷ್ಟೋ ಮಂದಿ ತರುಣರು ಅವನ ಪಾಠವನ್ನು ಕೇಳಿಯೇ ಹಡಗು ಹತ್ತಿದ್ದರು.

ಮಾಲ್ತಸನು ಕಾಣದೆ ಹೋದ ಸಂಗತಿಗಳು ಎರಡು. ಭೂಮಿಯ ಫಲವನ್ನು ವಿಜ್ಞಾನವು ಅವನೆಣಿಸಿದುದಕ್ಕಿಂತ ಬಹುಪಾಲು ಹೆಚ್ಚಿಸಬಲ್ಲುದಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಮಕ್ಕಳು ಬದುಕಿ ಉಳಿಯುವರೆಂಬ ಧೈರ್ಯ ಬಂದರೆ ತಾಯಿತಂದೆಯರು ತಾವಾಗಿಯೇ ಕಡಿಮೆ ಮಕ್ಕಳನ್ನು ಬಯಸುವರು. ಯೂರೋಪಿನಲ್ಲಿ ನಡೆದುದು ಇದೇ. ಮೊದಲು ಜನನವೂ ಹೆಚ್ಚು, ಮರಣವೂ ಹೆಚ್ಚು. ಬಳಿಕ ಮರಣವು ಇಳಿದು ಜನಸಂಖ್ಯೆಯು ಉಕ್ಕುತ್ತದೆ. ಅನಂತರ ಜನನವೂ ಇಳಿಯುತ್ತದೆ. ಕಡೆಯಲ್ಲಿ ಎರಡೂ ಕೆಳಮಟ್ಟದಲ್ಲಿ ಸಮನಾಗುತ್ತವೆ. ಈ ನಡೆಗೆ ಜನಸಂಖ್ಯಾ ಸಂಕ್ರಮಣವೆಂದು ಹೆಸರು. ಇದನ್ನು ೧೯೨೯ರಲ್ಲಿ ವಾರೆನ್ ಥಾಮ್ಸನ್ ಎಂಬ ಅಮೆರಿಕದ ವಿದ್ವಾಂಸನು ಗುರುತಿಸಿದನು.

ಈ ಸಂಕ್ರಮಣವನ್ನು ಕಾಣಲು ನಾವು ಯೂರೋಪಿಗೆ ಹೋಗಬೇಕಾದುದಿಲ್ಲ; ನಾವು ವಾಸಿಸುವ ರಾಜ್ಯವೇ ಅದಕ್ಕೆ ಜಗತ್ಪ್ರಸಿದ್ಧವಾದ ನಿದರ್ಶನ. ಕೇರಳದ ಜನಸಂಖ್ಯೆಯು ೧೯೬೧ರಿಂದ ೧೯೭೧ರವರೆಗಿನ ಹತ್ತು ವರ್ಷಗಳಲ್ಲಿ ಶೇಕಡಾ ೨೬ರಷ್ಟು ಬೆಳೆದಿತ್ತು. ೨೦೦೧ರಿಂದ ೨೦೧೧ರ ನಡುವಣ ಬೆಳವಣಿಗೆಯು ಶೇಕಡಾ ಐದಕ್ಕಿಂತಲೂ ಕಡಿಮೆ. ಪತ್ತನಂತಿಟ್ಟ ಮತ್ತು ಇಡುಕ್ಕಿ ಜಿಲ್ಲೆಗಳಲ್ಲಿ ಸಂಖ್ಯೆಯು ಇಳಿದೇಹೋಯಿತು. ಇದಕ್ಕೆ ಬರವೂ ಕಾರಣವಲ್ಲ, ಬೇನೆಯೂ ಕಾರಣವಲ್ಲ. ಹೆಣ್ಣುಮಕ್ಕಳು ಓದಿದುದು, ಮದುವೆಯ ವಯಸ್ಸು ಏರಿದುದು, ಹಳ್ಳಿಹಳ್ಳಿಗೂ ಆಸ್ಪತ್ರೆ ಬಂದುದು, ಕೂಸುಗಳು ಉಳಿದುದು, ಇವೇ ಕಾರಣಗಳು. ೨೦೧೧ರಲ್ಲಿ ಕೇರಳದ ಸ್ತ್ರೀಯರಲ್ಲಿ ಶೇಕಡಾ ೯೨ ಮಂದಿ ಅಕ್ಷರಸ್ಥರು. ೨೦೨೦ರಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಒಂದು ವರ್ಷ ತುಂಬುವುದರೊಳಗೆ ತೀರಿದವು ಇಡೀ ಭಾರತದಲ್ಲಿ ೨೮, ಕೇರಳದಲ್ಲಿ ಆರು ಮಾತ್ರ.

ಸಂತಾನನಿಯಂತ್ರಣದ ವಿಷಯದಲ್ಲಿ ಕನ್ನಡ ನಾಡಿಗೂ ಒಂದು ಹೆಮ್ಮೆಯ ಸ್ಥಾನವಿದೆ. ಮೈಸೂರು ಸಂಸ್ಥಾನವು ೧೯೩೦ರಲ್ಲಿಯೇ ಇದಕ್ಕಾಗಿ ಸರ್ಕಾರಿ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸ್ವತಂತ್ರ ಭಾರತವು ೧೯೫೨ರಲ್ಲಿ ಕುಟುಂಬಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವನ್ನಾಗಿ ಸ್ವೀಕರಿಸಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ, ೧೯೭೬–೭೭ರ ಒಂದೇ ವರ್ಷದಲ್ಲಿ, ದೇಶದಲ್ಲಿ ಎಂಬತ್ತು ಲಕ್ಷಕ್ಕೂ ಮೇಲ್ಪಟ್ಟು ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಎಷ್ಟೋ ಬಲಾತ್ಕಾರದವು. ಆ ಬಲಾತ್ಕಾರವು ಕಾರ್ಯಕ್ರಮದ ಹೆಸರನ್ನೇ ಕೆಡಿಸಿತು. ತಾಯಿಯ ವಿದ್ಯೆ ಮತ್ತು ಕೂಸಿನ ಆರೋಗ್ಯಗಳು ಸಾಧಿಸಿದುದನ್ನು ದಂಡವು ಸಾಧಿಸಲಾರದೆಂಬುದು ಈ ಎರಡು ಅನುಭವಗಳನ್ನು ಹೋಲಿಸಿದರೆ ತಿಳಿಯುತ್ತದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಬ್ಬ ಸ್ತ್ರೀಗೆ ಸರಾಸರಿ ಮಕ್ಕಳ ಸಂಖ್ಯೆಯು ಭಾರತದಲ್ಲಿ ೨.೦, ಕೇರಳದಲ್ಲಿ ೧.೮, ಕರ್ನಾಟಕದಲ್ಲಿ ೧.೭, ಬಿಹಾರದಲ್ಲಿ ೩.೦.

ಹುಟ್ಟು ನಿಂತರೂ ಸಾಗುವ ದೋಣಿ

ಕೇರಳದಲ್ಲಿ ಮಕ್ಕಳ ಸಂಖ್ಯೆಯು ೨.೧ಕ್ಕೆ ಇಳಿದು ಮೂರು ದಶಕಗಳಿಗೂ ಮೇಲಾದುವು. ಹಾಗಿದ್ದರೂ ೨೦೧೧ರ ಗಣತಿಯಲ್ಲಿ ರಾಜ್ಯದ ಜನಸಂಖ್ಯೆಯು ಏರಿಯೇ ಇತ್ತಲ್ಲ ಎಂದು ವಾಚಕರು ಕೇಳಬಹುದು. ಚಂದ್ರಗಿರಿ ಹೊಳೆಯಲ್ಲಿ ದೋಣಿ ನಡೆಸುವವನು ಹುಟ್ಟು ಹಾಕುವುದನ್ನು ನಿಲ್ಲಿಸಿದರೂ ದೋಣಿಯು ಸ್ವಲ್ಪ ದೂರ ತಾನಾಗಿಯೇ ಸಾಗುತ್ತದೆ. ಹಾಗೆಯೇ ಹಿಂದಿನ ದೊಡ್ಡ ಕುಟುಂಬಗಳಲ್ಲಿ ಹುಟ್ಟಿದವರು ಪ್ರಾಯಕ್ಕೆ ಬಂದು ತಲಾ ಇಬ್ಬರೇ ಮಕ್ಕಳನ್ನು ಪಡೆದರೂ ತಾಯಂದಿರ ಸಂಖ್ಯೆಯೇ ದೊಡ್ಡದಾಗಿರುವುದರಿಂದ ಜನಸಂಖ್ಯೆಯು ಕೆಲವು ಕಾಲ ಬೆಳೆಯುತ್ತಲೇ ಇರುತ್ತದೆ.

ಇದರೊಡನೆ ಸಮಾಜದ ವಯಸ್ಸೂ ಬದಲಾಗುತ್ತದೆ. ಮಕ್ಕಳು ಕಡಿಮೆಯಾಗಿ ಆಯುಸ್ಸು ಹೆಚ್ಚಿದಾಗ ಹಿರಿಯರ ಪಾಲು ಏರುವುದು ಸ್ವಾಭಾವಿಕ. ೨೦೧೧ರಲ್ಲಿ ಅರವತ್ತು ತುಂಬಿದವರು ಭಾರತದಲ್ಲಿ ಶೇಕಡಾ ೮.೬, ಕೇರಳದಲ್ಲಿ ೧೨.೬. ವಯಸ್ಸಿನ ಈ ವಿಚಾರವನ್ನು ಮರೆತರೆ ಅಂಕಿಗಳು ನಮ್ಮನ್ನು ಮೋಸಗೊಳಿಸುತ್ತವೆ. ೨೦೨೦ರಲ್ಲಿ ಸಾವಿರಕ್ಕೆ ಮರಣಗಳು ಭಾರತದಲ್ಲಿ ಆರು, ಕೇರಳದಲ್ಲಿ ಏಳು. ಹಾಗೆಂದು ಕೇರಳದವರು ಅನಾರೋಗ್ಯವಂತರೆಂದು ಹೇಳಬಹುದೆ? ವೃದ್ಧರು ಹೆಚ್ಚಾಗಿರುವ ಮನೆಯಲ್ಲಿ ಸಾವುಗಳೂ ತುಸು ಹೆಚ್ಚಾಗಿ ಸಂಭವಿಸುವುವು, ಅಷ್ಟೇ.

ವಲಸೆ

ಜನನ ಮರಣಗಳ ಲೆಕ್ಕವು ನಿಧಾನವಾಗಿ ಬದಲಾಗುವುದಾದರೆ ವಲಸೆಯ ಲೆಕ್ಕವು ಒಂದೆರಡು ದಶಕಗಳಲ್ಲಿಯೇ ಊರಿನ ಮುಖವನ್ನು ಬದಲಿಸಬಲ್ಲುದು. ಒಂದು ಕಡೆಯಿಂದ ತಳ್ಳುವ ಕಾರಣ, ಇನ್ನೊಂದು ಕಡೆಯಿಂದ ಸೆಳೆಯುವ ಕಾರಣ, ಎರಡೂ ಕೂಡಿದಾಗ ವಲಸೆ ನಡೆಯುತ್ತದೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ತಿರುವಾಂಕೂರಿನಲ್ಲಿ ಜನರು ದಟ್ಟವಾಗಿ ಹೊಲವು ತುಂಡುತುಂಡಾದಾಗ ಅಲ್ಲಿನ ರೈತ ಕುಟುಂಬಗಳು ವಯನಾಡಿಗೂ ನಮ್ಮ ಪೂರ್ವದ ಗುಡ್ಡಗಾಡುಗಳಿಗೂ ಬಂದವು. ೧೯೪೩ರಲ್ಲಿ ನೆಲೆಗೊಂಡ ರಾಜಪುರದ ವಸಾಹತು ಇದಕ್ಕೆ ಉದಾಹರಣೆ. ಚಳಿಜ್ವರಕ್ಕೂ ಕಾಡಾನೆಗೂ ಎಷ್ಟೋ ಜೀವಗಳನ್ನು ತೆತ್ತು ಅವರು ಅಲ್ಲಿ ಬೇರೂರಿದರು. ಅದೇ ಶತಮಾನದಲ್ಲಿ ನಮ್ಮವರು ಮುಂಬಯಿ, ಮದರಾಸು, ಬೆಂಗಳೂರುಗಳಿಗೆ ಹೋಟೆಲಿನ ಕೆಲಸಕ್ಕೂ ಗುಮಾಸ್ತಗಿರಿಗೂ ಹೊರಟರು. ೧೯೭೦ರ ಅನಂತರ ಕೊಲ್ಲಿ ರಾಷ್ಟ್ರಗಳ ಸೆಳೆತವು ಎಲ್ಲ ಭಾಷೆಯವರನ್ನೂ ಎಳೆಯಿತು. ಇಂದು ಎಷ್ಟು ಕಂಗಿನ ತೋಟಗಳ ಮನೆಗಳಲ್ಲಿ ವೃದ್ಧ ದಂಪತಿಗಳಿಬ್ಬರೇ ದೀಪ ಹಚ್ಚುತ್ತಿದ್ದಾರೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

ಗಡಿನಾಡಿನವರಿಗೆ ಇದಲ್ಲದೆ ಇನ್ನೊಂದು ವಿಲಕ್ಷಣ ಅನುಭವವುಂಟು. ೧೯೫೬ರ ನವೆಂಬರ್ ೧ರಂದು ಕಾಸರಗೋಡಿನ ಒಂದು ಮನೆಯೂ ಕದಲಲಿಲ್ಲ, ಒಬ್ಬ ಮನುಷ್ಯನೂ ಗಂಟುಮೂಟೆ ಕಟ್ಟಲಿಲ್ಲ, ಗಡಿಯೇ ಕದಲಿತು. ಹಿಂದಿನ ದಿನದವರೆಗೆ ದಕ್ಷಿಣ ಕನ್ನಡ ಜಿಲ್ಲೆಯವರಾಗಿದ್ದ ನಾವು ಮರುದಿನ ಕೇರಳದವರಾದೆವು. ವಲಸೆಯಿಲ್ಲದೆಯೇ ಅಲ್ಪಸಂಖ್ಯಾತರಾಗುವುದೆಂದರೆ ಹೀಗೆ.

ಐದನೆಯ ದಾರಿ

ಇಷ್ಟರವರೆಗೆ ಹೇಳಿದ ನಾಲ್ಕು ದಾರಿಗಳು ಎಲ್ಲ ಜನಸಮುದಾಯಗಳಿಗೂ ಸಮಾನ. ಭಾಷಾಸಮುದಾಯಕ್ಕೆ ಮಾತ್ರ ಐದನೆಯದೊಂದು ದಾರಿಯಿದೆ. ಮನುಷ್ಯನು ಬದುಕಿಯೇ ಇರುತ್ತಾನೆ, ಊರಿನಲ್ಲಿಯೇ ಇರುತ್ತಾನೆ. ಆದರೆ ಅವನ ಮಕ್ಕಳ ನಾಲಗೆಯಿಂದ ಭಾಷೆಯು ಹೊರಟುಹೋಗುತ್ತದೆ. ಈ ನಿರ್ಗಮನಕ್ಕೆ ಮರಣದ ದಾಖಲೆಯಿಲ್ಲ, ರೈಲಿನ ಚೀಟಿಯೂ ಇಲ್ಲ.

ಇಡೀ ದೇಶದ ಅಂಕಿಗಳನ್ನು ಮೊದಲು ನೋಡೋಣ. ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ೧೯೭೧ರಲ್ಲಿ ೨ ಕೋಟಿ ೧೭ ಲಕ್ಷ, ೨೦೧೧ರಲ್ಲಿ ೪ ಕೋಟಿ ೩೭ ಲಕ್ಷ. ನಲವತ್ತು ವರ್ಷಗಳಲ್ಲಿ ಇಮ್ಮಡಿ! ಆದರೂ ಭಾರತದ ಒಟ್ಟು ಜನರಲ್ಲಿ ಕನ್ನಡಿಗರ ಪಾಲು ಶೇಕಡಾ ೩.೯೬ರಿಂದ ೩.೬೧ಕ್ಕೆ ಇಳಿಯಿತು. ಎಣಿಕೆಯು ಏರುವಾಗಲೇ ಪಾಲು ಇಳಿಯುವುದು ಹೇಗೆ? ಕನ್ನಡವು ಬೆಳೆದುದಕ್ಕಿಂತ ಉಳಿದ ದೇಶವು ಇನ್ನಷ್ಟು ವೇಗವಾಗಿ ಬೆಳೆಯಿತು. ಉತ್ತರದ ರಾಜ್ಯಗಳಲ್ಲಿ ಸಂಕ್ರಮಣವು ತಡವಾಗಿ ಮೊದಲಾಯಿತು, ದಕ್ಷಿಣದಲ್ಲಿ ಬೇಗನೆ ಮುಗಿಯಿತು. ಇಂತಹ ಇಳಿತವು ಕುಟುಂಬಗಳ ಕ್ಷೇಮದಿಂದ ಬಂದುದಾದುದರಿಂದ ಇದಕ್ಕಾಗಿ ನಾವು ಕಣ್ಣೀರು ಹಾಕಬೇಕಾಗಿಲ್ಲ.

ಇನ್ನು ನಮ್ಮ ಶಾಲೆಗಳ ವಿಷಯ. ಒಂದು ಊರಿನಲ್ಲಿ ನೂರು ಮಂದಿ ತಾಯಂದಿರಿದ್ದಾರೆಂದು ಲೆಕ್ಕಕ್ಕಾಗಿ ಹಿಡಿಯೋಣ. ತಲಾ ನಾಲ್ವರು ಮಕ್ಕಳಾದರೆ ಶಾಲೆಗೆ ಬರುವವರು ನಾನೂರು. ಕೇರಳದ ೨೦೧೯–೨೧ರ ೧.೮ರಂತೆ ಆದರೆ ನೂರ ಎಂಬತ್ತು. ಒಬ್ಬನೇ ಒಬ್ಬ ಕನ್ನಡಿಗನು ಊರು ಬಿಡದಿದ್ದರೂ, ಒಂದೇ ಒಂದು ಮಗುವು ಬೇರೆ ಮಾಧ್ಯಮಕ್ಕೆ ಹೋಗದಿದ್ದರೂ ಶಾಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಂಚುಗಳು ಬರಿದಾಗುತ್ತವೆ. ಹಿಂದೆ ಎರಡು ವಿಭಾಗಗಳಿದ್ದಲ್ಲಿ 'ಈಗ ಒಂದೇ ಆಗಿದೆ, ಕನ್ನಡವು ಮುಳುಗಿತು' ಎಂದು ಹಲುಬುವ ಮೊದಲು ಈ ಲೆಕ್ಕವನ್ನು ನೆನೆಯಬೇಕು. ಆದರೆ ನೂರ ಎಂಬತ್ತು ಮಕ್ಕಳಿರಬೇಕಾದ ಊರಿನ ಕನ್ನಡ ಶಾಲೆಯಲ್ಲಿ ಅರವತ್ತೇ ಮಂದಿ ಇದ್ದರೆ, ಉಳಿದ ನೂರ ಇಪ್ಪತ್ತು ಮಂದಿ ಎಲ್ಲಿ ಹೋದರೆಂದು ಕೇಳಲೇಬೇಕು. ತಾಯಿತಂದೆಯರೊಡನೆ ಪಟ್ಟಣಕ್ಕೆ ಹೋದರೆ? ಅಥವಾ ಊರಿನಲ್ಲಿಯೇ ಇದ್ದು ಬೆಳಗ್ಗೆ ಬೇರೊಂದು ಶಾಲೆಯ ವಾಹನವನ್ನು ಹತ್ತುತ್ತಿದ್ದಾರೆಯೆ? ಮೊದಲನೆಯದು ನಾಲ್ಕನೆಯ ದಾರಿ, ಎರಡನೆಯದು ಐದನೆಯದು. ಹುಟ್ಟಿನ ಇಳಿತಕ್ಕೆ ಸಂಘವು ಮಾಡಬಹುದಾದುದು ಏನೂ ಇಲ್ಲ, ಮಾಡಬೇಕಾದುದೂ ಇಲ್ಲ. ವಲಸೆಯನ್ನು ತಡೆಯಲು ಉದ್ಯೋಗವು ಬೇಕು. ಅದು ನಮ್ಮ ಕೈಯಳತೆಯನ್ನು ಮೀರಿದುದು. ಐದನೆಯ ದಾರಿಯ ಬಾಗಿಲಿನ ಅಗುಳಿಯು ಮಾತ್ರ ಪ್ರತಿಯೊಂದು ಮನೆಯವರ ಕೈಯಲ್ಲಿದೆ.

ಆದುದರಿಂದ ಸಂಘದ ಹಿರಿಯರಲ್ಲಿಯೂ ತರುಣರಲ್ಲಿಯೂ ನಮ್ಮ ವಿಜ್ಞಾಪನೆಗಳು ಎರಡು.

ಒಂದು: ಪ್ರತಿಯೊಂದು ಕನ್ನಡ ಶಾಲೆಯ ಪ್ರವೇಶದ ದಾಖಲೆಪುಸ್ತಕವನ್ನು ಊರಿನ ಜನನ ನೋಂದಣಿಯೊಡನೆ ಹೋಲಿಸಿ, ಕಳೆದ ಇಪ್ಪತ್ತು ಮೂವತ್ತು ವರ್ಷಗಳ ಪಟ್ಟಿಯನ್ನು ತಯಾರಿಸಿರಿ. ಮಕ್ಕಳು ಕಡಿಮೆಯಾದುದು ಹುಟ್ಟಿನಿಂದಲೆ, ವಲಸೆಯಿಂದಲೆ, ಭಾಷೆಯನ್ನು ಬಿಟ್ಟುದರಿಂದಲೆ ಎಂಬುದು ಊರೂರಿಗೂ ಬೇರೆ ಬೇರೆಯಾಗಿ ತಿಳಿದುಬರುವುದು. ಅಧಿಕಾರಿಗಳ ಮುಂದೆ ಮನವಿ ಸಲ್ಲಿಸುವಾಗ ಹತ್ತು ಭಾಷಣಗಳಿಗಿಂತ ಇಂತಹ ಒಂದು ಪಟ್ಟಿಗೆ ಹೆಚ್ಚು ತೂಕವುಂಟು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ ೩೫೦-ಎ ವಿಧಿಯು ರಾಜ್ಯಗಳಿಗೆ ಹೇಳಿರುವುದನ್ನು ಆಗ ಧೈರ್ಯವಾಗಿ ಎತ್ತಿ ತೋರಿಸಬಹುದು.

ಎರಡು: ಬರಲಿರುವ ಜನಗಣತಿಯಲ್ಲಿ ಭಾಷೆಯ ಪ್ರಶ್ನೆಗೆ ಸತ್ಯವಾದ ಉತ್ತರವನ್ನೇ ಬರೆಸಿರಿ. ಗಣತಿಯ ದೃಷ್ಟಿಯಲ್ಲಿ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿಯು ನಮ್ಮೊಡನೆ ಆಡಿದ ಭಾಷೆ. ತುಳು, ಕೊಂಕಣಿ, ಮರಾಟಿ, ಬ್ಯಾರಿ ಭಾಷೆಗಳನ್ನು ಮನೆಯಲ್ಲಿ ಆಡುತ್ತ ಕನ್ನಡದಲ್ಲಿ ಓದಿ ಬರೆದವರು ನಮ್ಮಲ್ಲಿ ಸಾವಿರಾರು ಮಂದಿ ಇದ್ದಾರೆ. ಅವರು ತಮ್ಮ ತಾಯಿಯ ಭಾಷೆಯನ್ನೇ ಹೆಮ್ಮೆಯಿಂದ ಬರೆಸತಕ್ಕದ್ದು. ಕನ್ನಡವು ಇನ್ನೊಬ್ಬರ ತಾಯಿಯನ್ನು ಕಸಿದು ದೊಡ್ಡದಾಗಬೇಕಾದ ಭಾಷೆಯಲ್ಲ. ಆದರೆ ೨೦೧೧ರ ಗಣತಿಯಲ್ಲಿ ಮಾತೃಭಾಷೆಯ ಜೊತೆಗೆ ತಿಳಿದಿರುವ ಇನ್ನೆರಡು ಭಾಷೆಗಳನ್ನು ಬರೆಸುವುದಕ್ಕೂ ಅವಕಾಶವಿತ್ತು. ಅಂತಹ ಅವಕಾಶವು ಮತ್ತೆ ದೊರೆತಾಗ ಕನ್ನಡವನ್ನು ಬರೆಸಲು ಮರೆಯಬಾರದು. ಹವ್ಯಕ ಕನ್ನಡವೇ ಮೊದಲಾದ ಮನೆಮಾತುಗಳನ್ನಾಡುವವರೂ ಗಣಕನು ಏನನ್ನೋ ಬರೆದುಕೊಳ್ಳಲಿ ಎಂದು ಉದಾಸೀನರಾಗದೆ ತಮ್ಮ ಬಾಯಿಂದಲೇ ಉತ್ತರ ಹೇಳಬೇಕು. ಅಲ್ಪಸಂಖ್ಯಾತರಿಗೆ ಸಲ್ಲುವ ಸೌಕರ್ಯಗಳೆಲ್ಲ ಈ ಕಾಗದದ ಮೇಲಿನ ಅಂಕಿಗಳನ್ನೇ ಅವಲಂಬಿಸಿರುತ್ತವೆ.

ಧಾತು-ಈಶ್ವರ ಸಂವತ್ಸರಗಳ ನಮ್ಮ ಪೂರ್ವಿಕರಿಗೆ ಬರವನ್ನು ತಡೆಯುವ ಶಕ್ತಿಯಿರಲಿಲ್ಲ. ೧೯೧೮ರ ತಾಯಂದಿರಿಗೆ ಜ್ವರವನ್ನು ತಡೆಯುವ ಮದ್ದಿರಲಿಲ್ಲ. ಅವರು ಕಳೆದುಕೊಂಡುದನ್ನು ದೈವಾಧೀನವೆಂದು ಸಹಿಸಿದರು. ಉಳಿದ ಮಕ್ಕಳಿಗೆ ಮಾತ್ರ ತಮ್ಮ ಮಾತನ್ನು ಕಲಿಸಿಯೇ ಹೋದರು. ಅನ್ನ, ಆರೋಗ್ಯ, ಅಕ್ಷರಗಳು ಅವರಿಗಿಂತ ಎಷ್ಟೋ ಪಾಲು ಹೆಚ್ಚಾಗಿ ನಮಗೆ ಒದಗಿವೆ. ಹುಟ್ಟುವ ಪ್ರತಿಯೊಂದು ಕೂಸೂ ಬದುಕುವುದೆಂಬ ಭರವಸೆಯಿರುವ ಈ ಕಾಲದಲ್ಲಿ, ಮನೆಯಲ್ಲಿರುವ ಒಂದಿಬ್ಬರು ಮಕ್ಕಳೊಡನೆ ಕನ್ನಡದಲ್ಲಿ ಮಾತನಾಡಿ, ಅವರ ಕೈಹಿಡಿದು ಕನ್ನಡದ ಅಕ್ಷರಗಳನ್ನು ತಿದ್ದಿಸುವುದು ನಮ್ಮಿಂದ ಆಗದ ಕೆಲಸವೆ?